ಕಪ್ಪು ನೂಲು

೧೯೬೧ ಜುಲೈ ೩, ಸೋಮವಾರ

ಪ್ರಿನ್ಸಿಪಾಲರು ಕರೆಸಿದರು. ರಸಾಯನಶಾಸ್ತ್ರದ ಪ್ರಯೋಗಶಾಲೆಯ ಗೋಡೆಗೆ ಒಂದು ನಿಯಮಾವಳಿ ಬೇಕಂತೆ. ಕಳೆದ ವರ್ಷ ಪಿಪೆಟ್ಟಿನಲ್ಲಿ ಎಳೆಯುವಾಗ ವಿದ್ಯಾರ್ಥಿಯೊಬ್ಬನ ಬಾಯಿಗೆ ಆಮ್ಲ ಹೋದದ್ದನ್ನು ಅವರು ಮರೆತಿಲ್ಲ. ಪುತ್ತೂರಿನಲ್ಲಿ ಕಾಲೇಜು ಶುರುವಾಗಿ ಮೂರೇ ವರ್ಷ, ಹೆಸರು ಕೆಡಬಾರದು ಎಂದರು. ನಾನು ಡೆಮಾನ್‌ಸ್ಟ್ರೇಟರ್ ಆಗಿಯೂ ಮೂರೇ ವರ್ಷ. ಲೆಕ್ಚರರ್ ಹುದ್ದೆಯ ಬಗ್ಗೆ ಅವರಾಗಿ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಆರು ನಿಯಮ ಬರೆದೆ. ಒಂದನೆಯದು: ಪ್ರತಿ ಬಾಟಲಿಯ ಮೇಲೆ ಒಳಗೆ ಇರುವುದರ ಹೆಸರು ಬರೆದಿರಬೇಕು. ಆರನೆಯದು: ಪ್ರಯೋಗಶಾಲೆಯ ಯಾವ ವಸ್ತುವನ್ನೂ ಬಾಯಿಗೆ ಹಾಕಬಾರದು. ನಡುವಿನ ನಾಲ್ಕನ್ನು ಯಾರೂ ಓದುವುದಿಲ್ಲ.

ಅಟೆಂಡರ್ ಪಟ್ಟಿಯನ್ನು ಗೋಡೆಗೆ ಅಂಟಿಸಿದ. ಹೆಸರು ಮಾಯಿಲಪ್ಪ, ಪೆರಾಬೆಯವನು, ನಲವತ್ತರ ಆಸುಪಾಸು. ಓದಲು ಬರುವುದಿಲ್ಲ. ಬಾಟಲಿಗಳನ್ನು ಗುರುತಿಸಲು ಅವುಗಳ ಕುತ್ತಿಗೆಗೆ ನೂಲು ಕಟ್ಟಿಕೊಂಡಿದ್ದಾನೆ. ಆಮ್ಲಕ್ಕೆ ಕೆಂಪು, ಕ್ಷಾರಕ್ಕೆ ಹಸಿರು, ವಿಷಕ್ಕೆ ಕಪ್ಪು. ಅಸಹ್ಯವಾಗಿ ಕಾಣುತ್ತದೆ, ಆದರೆ ಈವರೆಗೆ ಒಂದು ಬಾಟಲಿಯೂ ಸ್ಥಳ ತಪ್ಪಿಲ್ಲ.

ಸ್ಪಿರಿಟ್ ಮತ್ತೆ ಕಡಿಮೆಯಾಗಿದೆ.

ಜುಲೈ ೫, ಬುಧವಾರ

ಈ ಜಿಲ್ಲೆಯಲ್ಲಿ ಪಾನನಿರೋಧ ಇರುವುದರಿಂದ ಸ್ಪಿರಿಟಿಗೆ ಪರವಾನಗಿ ಬೇಕು, ಪುಸ್ತಕದಲ್ಲಿ ಬರೆಯಬೇಕು, ಅಧಿಕಾರಿ ಬಂದರೆ ತೋರಿಸಬೇಕು. ಸಹಿ ನನ್ನದು. ಕಪಾಟಿನ ಬೀಗದಕೈ ಇರುವುದು ಮೂವರ ಬಳಿ: ನಾನು, ಭೌತಶಾಸ್ತ್ರದವರು, ಅಟೆಂಡರ್. ಯಾರನ್ನೂ ಕೇಳುವ ಮನಸ್ಸಿಲ್ಲ. ಕೇಳಿದರೆ ಮಾತು ಬೆಳೆಯುತ್ತದೆ.

ಫಿನಾಫ್ಥಲೀನ್ ಎಂಬ ಬಿಳಿ ಪುಡಿಯನ್ನು ನಾವು ಸೂಚಕವಾಗಿ ಬಳಸುತ್ತೇವೆ. ಸ್ಪಿರಿಟಿನಲ್ಲಿ ಕರಗಿಸಿದರೆ ಬಣ್ಣವಿಲ್ಲ, ಕ್ಷಾರ ಸೋಕಿದರೆ ಗುಲಾಬಿ, ಆಮ್ಲ ಬಿದ್ದರೆ ಮತ್ತೆ ಬಣ್ಣವಿಲ್ಲ. ಇದನ್ನೇ ಮದ್ದಿನ ಅಂಗಡಿಗಳಲ್ಲಿ ಭೇದಿಯ ಗುಳಿಗೆಯಾಗಿ ಮಾರುತ್ತಾರೆ. ಅರ್ಧ ಲೀಟರ್ ಸ್ಪಿರಿಟಿಗೆ ಐದು ಗ್ರಾಂ ಹಾಕಿ ಅಲ್ಲಾಡಿಸಿದೆ. ಎರಡು ನಿಮಿಷದಲ್ಲಿ ಏನೂ ಹಾಕದ ಹಾಗಾಯಿತು. ಬಾಟಲಿಯ ಮೇಲೆ ಮೊದಲಿದ್ದಂತೆ ಸ್ಪಿರಿಟ್ ಎಂದೇ ಇದೆ. ಕುಡಿದವನಿಗೆ ತಾನಾಗಿ ಗೊತ್ತಾಗಲಿ.

ಒಂದನೆಯ ನಿಯಮ ನೆನಪಾಯಿತು. ಅದು ವಿದ್ಯಾರ್ಥಿಗಳಿಗೆ.

ಜುಲೈ ೧೦, ಸೋಮವಾರ

ಅಟೆಂಡರ್ ಬಂದದ್ದು ಹನ್ನೊಂದಕ್ಕೆ. ಮುಖ ಇಳಿದಿತ್ತು. ಎಂತ ಆಯಿತು ಎಂದರೆ, "ಹೊಟ್ಟೆ ಸರಿ ಇಲ್ಲ ಮಾಷ್ಟ್ರೆ, ನಿನ್ನೆ ಇಡೀ ದಿವಸ ಗುಡ್ಡೆಗೆ ಓಡುದೇ ಕೆಲಸ" ಎಂದ.

ಹಾಗಾದರೆ ಇವನೇ. ವಿಶೇಷವೇನೂ ಅನ್ನಿಸಲಿಲ್ಲ. ಟೈಟ್ರೇಶನ್ನಿನಲ್ಲಿ ಉತ್ತರ ಬಂದಷ್ಟೇ.

ಜುಲೈ ೧೭, ಸೋಮವಾರ

ನಿಲ್ಲುತ್ತಾನೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಬಾಟಲಿ ಇನ್ನೂ ಎರಡು ಬೆರಳು ಇಳಿದಿದೆ. ಇವತ್ತು ಸರಿಯಾದ ಹೊತ್ತಿಗೆ ಬಂದು, ಕೇಳದೆಯೇ ಹೇಳಿದ: "ಈಗ ಹೊಟ್ಟೆ ಭಾರಿ ಹಗುರ ಉಂಟು ಮಾಷ್ಟ್ರೆ. ಹತ್ತು ವರ್ಷದ ಕಟ್ಟು ಬಿಚ್ಚಿದ ಹಾಗೆ." ಮಧ್ಯಾಹ್ನ ಎಳನೀರಿನ ಬೊಂಡ ಕೆತ್ತಿ, ಅರ್ಧ ಲೋಟಕ್ಕೆ ಬಗ್ಗಿಸಿ ನನ್ನ ಮುಂದೆ ಇಟ್ಟ. ಬೇಡ ಎಂದೆ. ನಾನು ಮನೆಯಿಂದ ತಂದ ನೀರನ್ನು ಮಾತ್ರ ಕುಡಿಯುವುದು ಅವನಿಗೆ ಗೊತ್ತಿದೆ. ಆದರೂ ಇಡುತ್ತಾನೆ.

ಭೇದಿಯನ್ನೇ ಲಾಭವೆಂದು ತಿಳಿದವನನ್ನು ಹೇಗೆ ನಿಲ್ಲಿಸುವುದು?

ಜುಲೈ ೨೯, ಶನಿವಾರ

ಹೊಸ ಸ್ಪಿರಿಟ್ ಬಂತು. ಇದಕ್ಕೂ ಐದು ಗ್ರಾಂ. ಅಭ್ಯಾಸವಾಗಿದೆ.

ಆಗಸ್ಟ್ ೧೪, ಸೋಮವಾರ

ಅಟೆಂಡರನ ಎಡಗೈಯ ಹಿಂಭಾಗದಲ್ಲಿ ಎಂಟಾಣೆಯಷ್ಟು ದೊಡ್ಡ ಮಚ್ಚೆ. ಉರುಟು, ನೇರಳೆ ಕಪ್ಪು, ಅಂಚು ಕೊರೆದಿಟ್ಟಂತೆ. ಕೆಳತುಟಿಯಲ್ಲೂ ಒಂದು. ಆದಿತ್ಯವಾರ ಉರಿ ಏಳುತ್ತದೆ, ಕೆಂಪಾಗುತ್ತದೆ, ಆಮೇಲೆ ಕಪ್ಪು ಉಳಿಯುತ್ತದೆ, ಮುಂದಿನ ಆದಿತ್ಯವಾರ ಅದೇ ಜಾಗದಲ್ಲಿ ಪುನಃ, ಎಂದು ಹೇಳಿದ. ಏನಾದರೂ ಚೆಲ್ಲಿಕೊಂಡಿಯಾ ಎಂದು ಕೇಳಿದೆ. ಇಲ್ಲ ಎಂದ. ಹಿಂದಿನ ಬೆಂಚಿನ ವಿದ್ಯಾರ್ಥಿಗಳು ಅವನು ತೊಳೆದ ಬೀಕರನ್ನು ಪುನಃ ತೊಳೆಯುತ್ತಿದ್ದರು.

ಆಗಸ್ಟ್ ೨೨, ಮಂಗಳವಾರ

ಬಸ್‌ಸ್ಟ್ಯಾಂಡಿನ ಹತ್ತಿರ ಅಹ್ಮದ್ ಕುಂಞಿಯ ಚಹಾದ ಹೋಟೆಲು. ನಾನು ಹೋಗುವುದು ಪೇಪರ್ ಓದಲು. ಅಟೆಂಡರ್ ಹೊರಗೆ ಜಗಲಿಯ ಕಲ್ಲಿನ ಮೇಲೆ ಕೂತು ತೆಂಗಿನ ಗೆರಟೆಯಲ್ಲಿ ಚಹಾ ಕುಡಿಯುತ್ತಿದ್ದ. ನಾನು ನೋಡಿದ್ದನ್ನು ಅಹ್ಮದ್ ಕುಂಞಿ ನೋಡಿದ.

"ನಾನು ಬರ್ಬೇಡ ಹೇಳಿದ್ದಲ್ಲ ಮಾಷ್ಟ್ರೆ. ಅವ ಒಳಗೆ ಕೂತರೆ ಉಳಿದವರು ಎದ್ದು ಹೋಗ್ತಾರೆ. ದೊಡ್ಡ ರೋಗ ಅಂತ ಊರಿಡೀ ಮಾತುಂಟು. ಗೆರಟೆ ಅವನೇ ತಂದದ್ದು. ನಾನು ಕೊಟ್ಟದ್ದಲ್ಲ."

"ಚಹಾಕ್ಕೆ ಎಂತ ತಗೊಳ್ತೀರಿ?"

"ಅವನ ಹತ್ರವಾ? ಛೆ, ಎಂತ ಮಾರಾಯ್ರೆ, ರೋಗದವನ ಹತ್ರ..." ಎಂದವನು ಅರ್ಧಕ್ಕೇ ನಿಲ್ಲಿಸಿ ಮೇಜು ಒರೆಸಿದ.

ಕುಷ್ಠ ಎಂಬ ಪದವನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಆಗಸ್ಟ್ ೨೪, ಗುರುವಾರ

ಪ್ರಿನ್ಸಿಪಾಲರು ಅಟೆಂಡರನನ್ನು ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿದರು. ಇವತ್ತಿನಿಂದ ಕೆಲಸಕ್ಕೆ ಬರಬಾರದು. ಸೆಪ್ಟೆಂಬರ್ ಹದಿನೈದರೊಳಗೆ ರೋಗವಲ್ಲ ಎಂದು ಡಾಕ್ಟರರ ಕಾಗದ ತಂದರೆ ಸರಿ. ಇಲ್ಲವಾದರೆ ಬೇರೆಯವರನ್ನು ನೇಮಿಸುತ್ತಾರೆ, ಅವನನ್ನು ಮಂಗಳೂರಿಗೆ ಕಳಿಸಲು ಬರೆಯುತ್ತಾರೆ. ಅಲ್ಲಿ ಆ ರೋಗದವರಿಗೇ ಒಂದು ಆಸ್ಪತ್ರೆ ಇದೆ. ಹೋದವರು ವಾಸಿಯಾದರೂ ಊರು ಅವರನ್ನು ಪುನಃ ಸೇರಿಸಿಕೊಳ್ಳುವುದಿಲ್ಲ.

ಅವನು ತನ್ನ ನೂಲಿನ ಉಂಡೆಗಳನ್ನು ಕಿಟಕಿಯಲ್ಲಿ ಇಟ್ಟು ಹೋದ. "ಹೊಸಬನಿಗೆ ಬೇಕಾದೀತು ಮಾಷ್ಟ್ರೆ."

ಇನ್ನು ಪಿಪೆಟ್ಟು ತೊಳೆಯುವುದು ನಾನೇ.

ಆಗಸ್ಟ್ ೩೧, ಗುರುವಾರ

ಎರಡು ಬಾಟಲಿ ಸ್ಥಳ ತಪ್ಪಿವೆ. ಬ್ಯುರೆಟ್ಟಿನ ಒಂದು ತುದಿ ಒಡೆಯಿತು. ಸ್ಪಿರಿಟ್ ಇದ್ದಷ್ಟೇ ಇದೆ.

ಸೆಪ್ಟೆಂಬರ್ ೪, ಸೋಮವಾರ

ಮಧ್ಯಾಹ್ನ ಪ್ರಯೋಗಶಾಲೆಯ ಹಿಂದಿನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಪೆರಾಬೆಯಿಂದ ಬಸ್ಸಿನಲ್ಲಿ ಬಂದದ್ದು. ಹೆಸರು ಗೋದಾವರಿ. "ಇಲ್ಲಿ ಕೆಲಸಕ್ಕೆ ಇದ್ದರಲ್ಲ, ಅವರ ಮನೆಯವಳು" ಎಂದಳು. ಗಂಡನ ಹೆಸರು ಹೇಳಲಿಲ್ಲ. ಕಂಕುಳಲ್ಲಿ ಒಂದು ಗಂಟು.

ಮಚ್ಚೆ ಈಗ ಐದು ಆಗಿದೆ. ನೆರೆಯವರು ಬಾವಿಯ ಹಗ್ಗ ತೆಗೆದಿಟ್ಟಿದ್ದಾರೆ, ಅವಳೇ ತೋಡಿನಿಂದ ನೀರು ಹೊರುತ್ತಾಳೆ. ಅವನು ದನದ ಹಟ್ಟಿಯ ಪಕ್ಕದ ಹುಲ್ಲಿನ ಮಾಡಿನಡಿ ಮಲಗುತ್ತಾನೆ, ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಳ್ಳುವುದಿಲ್ಲ, ನೆಲದಲ್ಲಿ ಇಡಬೇಕು. ಇವೆಲ್ಲವನ್ನೂ ಅವಳು ಹೇಳಿದ್ದು ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ಆಮೇಲೆ ಗಂಟು ಮುಂದೆ ಇಟ್ಟಳು.

"ಇದನ್ನು ಯಾರ ಹತ್ರ ಹೇಳುದು ಗೊತ್ತಾಗ್ಲಿಲ್ಲ. ಅವರು ಉಡುವ ಮುಂಡು. ಒಗೆಯುವಾಗ ಸೋಡ ಹಾಕಿದರೆ ಕೆಂಪಾಗ್ತದೆ. ರಕ್ತ ಅಂತ ಹೆದರಿದೆ. ಆದರೆ ರಕ್ತ ಅಲ್ಲ ಮಾಷ್ಟ್ರೆ. ಒಣಗಿದರೆ ಇರುದಿಲ್ಲ. ರಕ್ತ ಹಾಗೆ ಹೋಗ್ತದಾ? ಡಾಕ್ಟರ್ರ ಹತ್ರ ಹೇಳ್ಲಿಕ್ಕೆ ನಾಚಿಕೆ. ನಿಮಗೆ ಬಣ್ಣದ ಕೆಲಸ ಅಲ್ವಾ, ಹಾಗೆ ಒಗೆಯದೆ ತಂದೆ."

ಬಟ್ಟೆಯನ್ನು ಮೇಜಿನ ಮೇಲೆ ಹಾಸಿದೆ. ಮೂತ್ರದ ಹಳದಿ ಕಲೆಯ ಮೇಲೆ ಒಂದು ತೊಟ್ಟು ಕ್ಷಾರ ಬಿಟ್ಟೆ. ಗುಲಾಬಿ ಅರಳಿತು. ಅವಳು ಎರಡು ಹೆಜ್ಜೆ ಹಿಂದೆ ಹೋದಳು. ಒಂದು ತೊಟ್ಟು ಆಮ್ಲ ಬಿಟ್ಟೆ.

"ಹೋಯ್ತು!" ಎಂದಳು. "ರೋಗ ಹೋಯ್ತಾ ಮಾಷ್ಟ್ರೆ?"

"ಬಣ್ಣ ಹೋಯಿತು" ಎಂದೆ.

ಮತ್ತೊಂದು ಪ್ರಶ್ನೆ ಕೇಳಬೇಕಿತ್ತು, ಕೇಳಿದೆ. ಇಲ್ಲಿಂದ ತಂದ ಸಣ್ಣ ಬಾಟಲಿ ಏನಾದರೂ ಮನೆಯಲ್ಲಿ ಉಂಟಾ? ಅವಳು ನೆಲ ನೋಡಿದಳು. "ಹಟ್ಟಿಯ ಮಾಡಿನಲ್ಲಿ ಸಿಕ್ಕಿಸಿಟ್ಟದ್ದು ಒಂದುಂಟು. ಈಗ ದಿನಾ ಬೇಕು ಅವರಿಗೆ. ಬೇಜಾರಿಗೆ." ಹೋದ ಕೂಡಲೇ ಅದನ್ನು ಚೆಲ್ಲು, ನಾನು ಹೇಳಿದ್ದೆಂದು ಹೇಳು, ಎಂದೆ. ಯಾಕೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸೆಪ್ಟೆಂಬರ್ ೫, ಮಂಗಳವಾರ

ಡಾಕ್ಟರ್ ಗೌರೀಶಂಕರ ರಾಯರಲ್ಲಿಗೆ ಹೋದೆ. ಮಾಯಿಲಪ್ಪನನ್ನು ಅವರು ಕಳೆದ ವಾರ ನೋಡಿದ್ದಾರೆ. "ಸೂಜಿ ಚುಚ್ಚಿದರೆ ಹಾರಿ ಬೀಳ್ತಾನೆ. ಮಚ್ಚೆಯಲ್ಲಿ ಸ್ಪರ್ಶ ಸರಿಯಾಗಿ ಉಂಟು. ಅದು ದೊಡ್ಡ ರೋಗದ ಲಕ್ಷಣ ಅಲ್ಲ. ಹಾಗಾದರೆ ಎಂತ ಅಂತ ನಾನು ಬರೆಯುದು ಭಟ್ರೇ?"

ಭೇದಿಯ ಗುಳಿಗೆಯ ಮದ್ದು ಹೊಟ್ಟೆಗೆ ಹೋದರೆ ಹೀಗೆ ಆಗುವುದುಂಟೋ ಎಂದು ಕೇಳಿದೆ. ಅವರು ಕನ್ನಡಕ ಹಾಕಿ ದಪ್ಪದೊಂದು ಪುಸ್ತಕ ತೆಗೆದರು. ಉಂಟಂತೆ. ಎಲ್ಲರಿಗೂ ಅಲ್ಲ, ನೂರರಲ್ಲಿ ಯಾರೋ ಒಬ್ಬರಿಗೆ. ಪ್ರತಿ ಸಲ ಅದೇ ಜಾಗದಲ್ಲಿ. ಮದ್ದು ನಿಲ್ಲಿಸಿದರೆ ಉರಿ ನಿಲ್ಲುತ್ತದೆ, ಕಪ್ಪು ಹೋಗಲು ತಿಂಗಳುಗಳೇ ಬೇಕು.

"ಅವನಿಗೆ ಇದು ಎಲ್ಲಿಂದ ಸಿಕ್ಕಿತು? ನನ್ನ ಹತ್ರ ಯಾವ ಮದ್ದೂ ತಗೊಳ್ಳುದಿಲ್ಲ ಹೇಳಿದ. ಯಾರು ಕೊಟ್ಟದ್ದು ಅಂತ ತಿಳಿದರೆ ಕಾಗದ ಈಗಲೇ ಬರೀತೇನೆ. ಸುಮ್ಮನೆ ಊಹೆಯ ಮೇಲೆ ಬರೆದರೆ ನಿಮ್ಮ ಪ್ರಿನ್ಸಿಪಾಲರು ಒಪ್ಪುದಿಲ್ಲ."

ತಿಳಿದು ಹೇಳುತ್ತೇನೆ ಎಂದು ಎದ್ದು ಬಂದೆ.

ಸ್ಪಿರಿಟಿನ ವಿಷಯ ಹೇಳಿದರೆ ಅವನು ಕಳ್ಳ. ಕೆಲಸ ಹೋಗುತ್ತದೆ, ಪಾನನಿರೋಧದ ಕೇಸೂ ಆಗುತ್ತದೆ. ಹೇಳದಿದ್ದರೆ ಅವನು ರೋಗಿ, ಮಂಗಳೂರು. ಮೂರನೆಯದು ಇರಬೇಕು.

ಸೆಪ್ಟೆಂಬರ್ ೬, ಬುಧವಾರ

ತರಗತಿಯಲ್ಲಿ ಫಿನಾಫ್ಥಲೀನ್ ಟೈಟ್ರೇಶನ್. ಬಣ್ಣ ತಿರುಗುವ ಕೊನೆಯ ಬಿಂದು ಎಲ್ಲಿ ಎಂದು ಒಬ್ಬ ಕೇಳಿದ. ಒಂದು ತೊಟ್ಟು ಹೆಚ್ಚಾದ ಮೇಲೆಯೇ ಗೊತ್ತಾಗುವುದು ಎಂದೆ. ಇದನ್ನು ಮೂರು ವರ್ಷದಿಂದ ಹೇಳುತ್ತಿದ್ದೇನೆ.

ಸೆಪ್ಟೆಂಬರ್ ೯, ಶನಿವಾರ

ಸವಣೂರಿನ ಮಾರ್ಗವಾಗಿ ಪೆರಾಬೆಗೆ ಹೋದೆ. ಬಸ್ಸಿನಿಂದಿಳಿದು ಒಂದು ಮೈಲು ನಡಿಗೆ. ದಾರಿ ಕೇಳಿದಾಗ ಒಬ್ಬ ಕೈ ತೋರಿಸಿದ, ಜೊತೆಗೆ ಬರಲಿಲ್ಲ.

ಮಾಯಿಲಪ್ಪ ಹಟ್ಟಿಯ ಪಕ್ಕದಲ್ಲಿ ಬುಟ್ಟಿ ಹೆಣೆಯುತ್ತಿದ್ದ. ನನ್ನನ್ನು ಕಂಡು ಎದ್ದವನು ಹಿಂದೆ ಸರಿದ. "ಅಲ್ಲಿಯೇ ನಿಲ್ಲಿ ಮಾಷ್ಟ್ರೆ, ಹತ್ರ ಬರ್ಬೇಡಿ." ನಾನು ಹೋಗಿ ಅವನ ಮಣೆಯ ಮೇಲೆ ಕೂತೆ. ಬೇರೆ ಕೂರುವ ಜಾಗ ಇರಲಿಲ್ಲ.

ಎಷ್ಟು ಕುಡಿಯುತ್ತಿದ್ದೆ ಎಂದು ಕೇಳಿದೆ. ಕತ್ತಿ ತೆಗೆದು ಬುಟ್ಟಿಯ ಬಳ್ಳಿಯನ್ನು ಸೀಳತೊಡಗಿದ.

"ಶನಿವಾರ ಎರಡು ಮುಚ್ಚಳ. ಬೊಂಡದ ನೀರಿಗೆ ಬೆರೆಸಿ. ಮೊದಲು ನೀರಿಗೆ ಹಾಕಿದರೆ ನೀರಿನ ಹಾಗೆಯೇ ಇತ್ತು. ಆಮೇಲೆ ಹಾಲಿನ ಹಾಗೆ ಬೆಳ್ಳಗೆ ಆಗ್ಲಿಕ್ಕೆ ಶುರುವಾಯ್ತು. ಒಳ್ಳೆ ಮಾಲು ಬಂದಿದೆ ಅಂದುಕೊಂಡೆ."

"ಅದು ನಾನು ಹಾಕಿದ ಪುಡಿ" ಎಂದೆ. ಜುಲೈ ಐದರಿಂದ ಎಲ್ಲವನ್ನೂ ಹೇಳಿದೆ. ಬೇಗ ಮುಗಿಯಿತು. ಹೇಳಲು ಹೆಚ್ಚೇನೂ ಇರಲಿಲ್ಲ. ಇದು ರೋಗವಲ್ಲ, ಯಾರಿಗೂ ಅಂಟುವುದಿಲ್ಲ, ಡಾಕ್ಟರ್ ಪುಸ್ತಕದಲ್ಲಿ ತೋರಿಸಿದರು ಎಂದೂ ಹೇಳಿದೆ.

ಅವನು ಕೈಯ ಮಚ್ಚೆ ನೋಡಿಕೊಂಡ. ಒಳಗಿನಿಂದ ಗೋದಾವರಿಯ ಪಾತ್ರೆಯ ಸದ್ದು ನಿಂತಿತ್ತು.

"ಕುಡಿದದ್ದು ನನ್ನ ತಪ್ಪು" ಎಂದ. "ನಾಲ್ಕು ಜನರ ಎದುರು ಕೆನ್ನೆಗೆ ಹೊಡೀಬಹುದಿತ್ತು ನೀವು. ಹೋಗು ಮಾರಾಯ ಅಂತ ಹೇಳ್ಬಹುದಿತ್ತು. ಮೂರು ವರ್ಷ ನಿಮ್ಮ ಬಾಟಲಿ ತೊಳೆದಿದ್ದೇನೆ. ವಿಷದ್ದು ಯಾವುದು, ಅಲ್ಲದ್ದು ಯಾವುದು ಅಂತ ನೀವು ಹೇಳಿದ್ದನ್ನು ನಂಬಿಯೇ ನೂಲು ಕಟ್ಟಿದ್ದು. ಒಂದು ಕಪ್ಪು ನೂಲು ಕಟ್ಟಿದ್ದರೆ ನಾನು ಮುಟ್ತಿರಲಿಲ್ಲ ಮಾಷ್ಟ್ರೆ."

ಹೌದು ಎಂದೆ.

"ಈಗ ಎಂತ ಮಾಡುದು?"

ಹೊಟ್ಟೆ ಕಟ್ಟಿದೆ ಎಂದು ನೀನು ಕೇಳಿದ್ದೆ, ನಾನೇ ಪ್ರಯೋಗಶಾಲೆಯ ಪುಡಿ ಪೊಟ್ಟಣ ಕಟ್ಟಿ ಕೊಟ್ಟೆ, ವಾರಕ್ಕೊಂದು. ಹಾಗೆಂದು ಹೇಳುತ್ತೇನೆ ಎಂದೆ.

ಅವನು ಸ್ವಲ್ಪ ಲೆಕ್ಕ ಹಾಕಿದ. "ಹಾಗಾದರೆ ಕಳ್ಳ ಯಾರೂ ಇಲ್ಲ. ಸ್ಪಿರಿಟ್ ಎಲ್ಲಿ ಹೋಯ್ತು?"

"ಎಲ್ಲವೂ ಸೂಚಕ ಮಾಡಲು ಖರ್ಚಾಯಿತು ಎಂದು ಪುಸ್ತಕದಲ್ಲಿ ಬರೆಯುತ್ತೇನೆ. ಆದದ್ದೂ ಹಾಗೆಯೇ."

ಆಗ ಗೋದಾವರಿ ಹೊರಗೆ ಬಂದಳು. ಗಂಡನ ಕೈಯಿಂದ ಕತ್ತಿ ಕಿತ್ತುಕೊಂಡಳು, ಬೈಯುತ್ತಾ. ಎಲ್ಲವೂ ತುಳುವಿನಲ್ಲಿ, ಬೇಗ ಬೇಗ. ನನಗೆ ಅರ್ಥವಾದದ್ದು ಬಾವಿ, ಹಗ್ಗ, ಹದಿನಾರು ದಿನ ಎಂಬುದು. ನನ್ನನ್ನೂ ಸೇರಿಸಿಯೇ ಬೈದಳು ಎಂದು ಕಾಣುತ್ತದೆ. ಮುಗಿಸಿ, ಮಜ್ಜಿಗೆ ತಂದು ನಮ್ಮಿಬ್ಬರ ನಡುವೆ ಇಟ್ಟಳು. ಬಸ್ಸಿಗೆ ಹೊತ್ತಾಗಿತ್ತು. ಕುಡಿದು ಹೊರಟೆ.

ಸೆಪ್ಟೆಂಬರ್ ೧೧, ಸೋಮವಾರ

ಮೊದಲು ಡಾಕ್ಟರರ ಬಳಿ, ಆಮೇಲೆ ಕಾಗದದೊಂದಿಗೆ ಪ್ರಿನ್ಸಿಪಾಲರ ಬಳಿ. ಇಬ್ಬರಿಗೂ ಒಂದೇ ಮಾತು ಹೇಳಿದೆ. ಪ್ರಿನ್ಸಿಪಾಲರು ಕಾಗದವನ್ನು ಎರಡು ಸಲ ಓದಿದರು.

"ಭಟ್ರೇ, ಗೋಡೆಯಲ್ಲಿ ನಿಯಮ ಉಂಟಲ್ಲ, ಆರನೆಯದ್ದು. ಅದನ್ನು ಬರೆದದ್ದು ಯಾರು?"

"ನಾನು."

"ಅಷ್ಟಾಗಿಯೂ?"

"ಹೌದು."

"ನಾಳೆ ವಿದ್ಯಾರ್ಥಿಯೊಬ್ಬ ಹೊಟ್ಟೆನೋವು ಅಂದರೆ ಅವನಿಗೂ ಎಂತಾದ್ರೂ ಕೊಡ್ತೀರೋ?"

ಉತ್ತರಕ್ಕೆ ಕಾಯದೆ ಕಾಗದವನ್ನು ನನಗೆ ಮರಳಿಸಿದರು. ಮಾಯಿಲಪ್ಪ ಬುಧವಾರದಿಂದ ಬರಬಹುದು ಎಂದರು. ನನಗೆ ಲಿಖಿತ ಎಚ್ಚರಿಕೆ. ಲೆಕ್ಚರರ್ ಹುದ್ದೆಗೆ ಮಂಗಳೂರಿನಿಂದ ಒಬ್ಬರನ್ನು ಕೇಳಿದ್ದಾರಂತೆ. ಹುದ್ದೆ ಮಂಜೂರಾಗಿದೆ ಎಂಬುದೇ ನನಗೆ ಆಗ ತಿಳಿದದ್ದು.

ಸೆಪ್ಟೆಂಬರ್ ೧೨, ಮಂಗಳವಾರ

ಹೆಂಡತಿ ಮನೋರಮೆಗೆ ಹೇಳಲೇಬೇಕಾಯಿತು. ಪ್ರಿನ್ಸಿಪಾಲರ ಹೆಂಡತಿಯಿಂದ ಹೇಗೂ ತಿಳಿಯುತ್ತಿತ್ತು. ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ.

"ಪುಡಿ ಕೊಟ್ಟದ್ದಾ? ನೀವಾ?"

"ಹೌದು."

"ನನಗೆ ತಲೆನೋವು ಅಂದರೆ ಒಂದು ಗುಳಿಗೆ ತಂದು ಕೊಟ್ಟವರಲ್ಲ ನೀವು. ಅಟೆಂಡರನಿಗೆ ಪೊಟ್ಟಣ ಕಟ್ಟಿ ಕೊಟ್ಟಿರಂತೆ."

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

"ಲೆಕ್ಚರರ ಹೆಂಡತಿ ಆಗುದು ಹೇಗೂ ನನ್ನ ಹಣೆಯಲ್ಲಿಲ್ಲ. ಅಲ್ಲಿಯೇ ಕೂತುಕೊಳ್ಳಿ, ಈ ಕೊತ್ತಂಬರಿ ಬಿಡಿಸಿ" ಎಂದಳು. ಬಿಡಿಸಿದೆ. ಹಿಂದೆ ಎಂದಾದರೂ ಬಿಡಿಸಿದ್ದೆನೋ ನೆನಪಿಲ್ಲ.

ಸೆಪ್ಟೆಂಬರ್ ೧೩, ಬುಧವಾರ

ಮಾಯಿಲಪ್ಪ ಬಂದ. ಮಚ್ಚೆಗಳು ಹಾಗೆಯೇ ಇವೆ, ಉರಿ ಇಲ್ಲ. ಸ್ಥಳ ತಪ್ಪಿದ ಬಾಟಲಿಗಳನ್ನು ಒಂದೊಂದಾಗಿ ಸರಿ ಮಾಡಿದ. ಸ್ಪಿರಿಟಿನ ಬಾಟಲಿ ಬಂದಾಗ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದ.

"ಮಾಷ್ಟ್ರೆ, ಇದರಲ್ಲಿ ಬೇರೆ ಎಂತ ಉಂಟು?"

ಹೇಳಿದೆ. ಕೆಳಗಿಟ್ಟ. ಮುಂದಿನ ಬಾಟಲಿ ತೆಗೆದ. ಭಟ್ಟಿ ಇಳಿಸಿದ ನೀರು.

"ಇದರಲ್ಲಿ?"

"ನೀರು."

"ನೀರು ಮಾತ್ರವಾ?"

"ಮಾತ್ರ."

ಹೀಗೆ ಎಪ್ಪತ್ತೆರಡು ಬಾಟಲಿಗಳು.

ಸೆಪ್ಟೆಂಬರ್ ೧೬, ಶನಿವಾರ

ಡಾಕ್ಟರರ ಕಾಗದ ಹಿಡಿದು ಅಹ್ಮದ್ ಕುಂಞಿಯಲ್ಲಿಗೆ ಮಾಯಿಲಪ್ಪನೊಂದಿಗೆ ಹೋದೆ. ಎಲ್ಲರಿಗೂ ಕೇಳುವಂತೆ ಓದಿ ಹೇಳಬೇಕೆಂದಿದ್ದೆ. ನನಗೆ ಹಾಗೆ ದೊಡ್ಡ ಸ್ವರದಲ್ಲಿ ಓದಲು ಬರುವುದಿಲ್ಲ. ಒಳಗಿನ ಬೆಂಚಿನಲ್ಲಿ ಅವನ ಪಕ್ಕ ಕೂತೆ. ಇಬ್ಬರು ಎದ್ದು ಹೋದರು. ಅಹ್ಮದ್ ಕುಂಞಿ ಅವರ ಬೆನ್ನು ನೋಡಿದ, ನಮ್ಮನ್ನು ನೋಡಿದ, "ಹೋಗುವವರು ಹೋಗ್ಲಿ, ಅವರದ್ದು ಹೇಗೂ ಸಾಲದ ಚಹಾ" ಎಂದು ಎರಡು ಗ್ಲಾಸು ತಂದಿಟ್ಟ.

ಮಾಯಿಲಪ್ಪ ಕುಡಿಯುವ ಮೊದಲು ಗ್ಲಾಸಿನೊಳಗೆ ಬಗ್ಗಿ ನೋಡಿದ. ಅಹ್ಮದ್ ಕುಂಞಿ ಬೇಸರಿಸಿ, "ಎಂತ ಮಾರಾಯ, ನಾನು ವಿಷ ಹಾಕ್ತೇನಾ?" ಎಂದ. "ನೀವಲ್ಲ" ಎಂದ ಮಾಯಿಲಪ್ಪ.

ಅಕ್ಟೋಬರ್ ೧೬, ಸೋಮವಾರ

ಪಾನನಿರೋಧದ ಅಧಿಕಾರಿ ಬಂದರು. ಪುಸ್ತಕ ನೋಡಿ, ಸೂಚಕ ಇಷ್ಟೊಂದು ಯಾಕೆ ಎಂದು ಕೇಳಿದರು. ಇಲ್ಲಿಯ ವಿದ್ಯಾರ್ಥಿಗಳು ಕೊನೆಯ ಬಿಂದುವನ್ನು ಬೇಗ ದಾಟಿಬಿಡುತ್ತಾರೆ ಎಂದೆ. ಸಹಿ ಹಾಕಿ ಹೋದರು.

ಮಾಯಿಲಪ್ಪ ಇಟ್ಟ ಬೊಂಡ ಕುಡಿದೆ. ಸ್ವಲ್ಪ ಒಗರು.

ಅಕ್ಟೋಬರ್ ೩೦, ಸೋಮವಾರ

ನಿಯಮಾವಳಿಯನ್ನು ತೆಗೆಸಿ ಹೊಸದಾಗಿ ಬರೆದೆ. ಆರರ ಬದಲು ಎರಡೇ, ಮೊದಲಿನದು ಮತ್ತು ಕೊನೆಯದು. ಕೆಳಗೆ ಬಿಳಿ ಕಾಗದಕ್ಕೆ ಮೂರು ತುಂಡು ನೂಲು ಅಂಟಿಸಿದೆ, ಕೆಂಪು, ಹಸಿರು, ಕಪ್ಪು. ಮಂಗಳೂರಿನಿಂದ ಬಂದ ಲೆಕ್ಚರರು ನೋಡಿ, ಇದೆಂಥದ್ದು ಎಂದು ನಕ್ಕರು. ಇಲ್ಲಿಯ ಪದ್ಧತಿ ಎಂದೆ.

ಫಿನಾಫ್ಥಲೀನಿನ ಬಾಟಲಿಗೆ ಕಪ್ಪು ನೂಲು ನಾನೇ ಕಟ್ಟಿದೆ. ನನ್ನ ಗಂಟು ಎರಡು ಸಲ ಜಾರಿತು. ಮಾಯಿಲಪ್ಪ ದೂರದಿಂದ ನೋಡುತ್ತಿದ್ದ, ಸಹಾಯಕ್ಕೆ ಬರಲಿಲ್ಲ. ಕಟ್ಟಿ ಮುಗಿದ ಮೇಲೆ ಬಂದು ಎಳೆದು ನೋಡಿ, "ಇದರಲ್ಲಿ ಬೇರೆ ಎಂತ ಉಂಟು ಮಾಷ್ಟ್ರೆ?" ಎಂದ. ಪ್ರತಿ ದಿನ ಕೇಳುತ್ತಾನೆ. ಪ್ರತಿ ದಿನ ಹೇಳುತ್ತೇನೆ.

ನವೆಂಬರ್ ೧೫, ಬುಧವಾರ

ತುಟಿಯ ಮಚ್ಚೆ ಮಾಸಿದೆ, ಕೈಯದ್ದು ಇನ್ನೂ ಇದೆ. ಪೆರಾಬೆಯಲ್ಲಿ ಹಗ್ಗವನ್ನು ಪುನಃ ಬಾವಿಗೆ ಕಟ್ಟಿದ್ದಾರಂತೆ, ಯಾರು ಎಂದು ಗೊತ್ತಿಲ್ಲ, ಬೆಳಿಗ್ಗೆ ಎದ್ದು ನೋಡುವಾಗ ಇತ್ತಂತೆ.

ಎರಡನೆಯ ಬ್ಯಾಚಿಗೆ ಸೂಚಕ ಮುಗಿದಿತ್ತು. ಒಳಗಿನ ಕೋಣೆಯಲ್ಲಿ ಹೊಸದು ಮಾಡಿ, ಬಾಟಲಿಗೆ ತುಂಬಿಸಿ, ಬಾಗಿಲಲ್ಲಿ ನಿಂತಿದ್ದ ಮಾಯಿಲಪ್ಪನ ಕಡೆ ಚಾಚಿದೆ. ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟ. ಏನೂ ಕೇಳಲಿಲ್ಲ.

ಅವಸರದಲ್ಲಿದ್ದ. ಮರೆತಿರಬೇಕು.